ಕಪ್ ಇಲ್ಲದ ಕಾಲದ ಕಾಲ್ಚೆಂಡು

ನಂದಿದುರ್ಗ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಚಿಕ್ಕಬಳ್ಳಾಪುರದ ಬಳಿಯ ನಂದಿಬೆಟ್ಟ, ಅದರ ಕೋಟೆ, ಅಲ್ಲಿನ ತಂಗಾಳಿ. ಆದರೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತುವವರಿಗೆ ಆ ಹೆಸರಿನ ಅರ್ಥವೇ ಬೇರೆ. ಅವರ ನಂದಿದುರ್ಗಕ್ಕೆ ಶಿಖರವಿಲ್ಲ, ಆಳವಿದೆ. ಕೋಲಾರ ಚಿನ್ನದ ಗಣಿಗಳ ಸಾಲಿನಲ್ಲಿ ಉತ್ತರದ ಕಡೆಗಿದ್ದ ಒಂದು ಗಣಿಗೆ ಬ್ರಿಟಿಷ್ ಕಂಪೆನಿ ಇಟ್ಟ ಹೆಸರು ಅದು. ದಕ್ಷಿಣದಿಂದ ಎಣಿಸುತ್ತ ಬಂದರೆ ಮೈಸೂರು ಗಣಿ, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಘಾಟ್. ಗಣಿಗಳ ಸುತ್ತ ಬೆಳೆದ ಊರಿಗೆ ಜನ ಮೂರಕ್ಷರದ ಹೆಸರಿಟ್ಟುಕೊಂಡರು: ಕೆ.ಜಿ.ಎಫ್.

ಈ ಊರಿನ ಬಗ್ಗೆ ಬರೆದವರೆಲ್ಲ ಚಿನ್ನದ ಲೆಕ್ಕ ಬರೆದಿದ್ದಾರೆ. ಎಷ್ಟು ಆಳಕ್ಕೆ ಇಳಿದರು, ಎಷ್ಟು ತೆಗೆದರು ಎಂಬುದೆಲ್ಲ ದಾಖಲಾಗಿದೆ. ಪಾಳಿ ಮುಗಿಸಿ ಮೇಲೆ ಬಂದ ಮೇಲೆ ಇಲ್ಲಿನ ಜನ ಏನು ಮಾಡುತ್ತಿದ್ದರು ಎಂಬುದಕ್ಕೆ ಅಷ್ಟು ಜಾಗ ಸಿಕ್ಕಿಲ್ಲ. ಅವರಲ್ಲಿ ಅನೇಕರು ಚೆಂಡು ಒದೆಯುತ್ತಿದ್ದರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ, ದೇಶದ ಕೆಲವು ದೊಡ್ಡ ಪಂದ್ಯಾವಳಿಗಳು ನಿಂತುಹೋದಾಗಲೂ ಮೈಸೂರು ಸೀಮೆಯಲ್ಲಿ ಈ ಆಟ ನಿಲ್ಲಲಿಲ್ಲ. ಯುದ್ಧ ಮುಗಿದ ಮೊದಲ ವರ್ಷಗಳಲ್ಲೇ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಈ ಗೆಲುವು ಎಲ್ಲಿಂದ ಬಂತು? ಉತ್ತರ ಸಿಗುವುದು ಗೆದ್ದ ವರ್ಷದಲ್ಲಲ್ಲ. ಕಪ್ಪೂ ಇಲ್ಲದ, ಪದಕವೂ ಇಲ್ಲದ ಯುದ್ಧದ ವರ್ಷಗಳಲ್ಲಿ ಅದನ್ನು ಹುಡುಕಬೇಕು.

ಯುದ್ಧ ಬಂದಾಗ ಆಟ ಏನಾಗುತ್ತದೆ?

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಘೋಷಣೆಯಾದಾಗ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಆಗತಾನೆ ಶುರುವಾಗಿತ್ತು. ತಂಡಗಳು ಮೂರು ಪಂದ್ಯಗಳನ್ನು ಆಡಿದ್ದವೋ ಇಲ್ಲವೋ, ಲೀಗನ್ನು ಅಲ್ಲಿಗೇ ನಿಲ್ಲಿಸಲಾಯಿತು. ಮತ್ತೆ ಆರಂಭವಾದದ್ದು 1946ರಲ್ಲಿ. ಆಟಗಾರರು ಸೈನ್ಯ ಸೇರಿದ್ದರು. ಉಳಿದ ತಂಡಗಳು ಹತ್ತಿರದ ದಂಡಿನಲ್ಲಿದ್ದ ಆಟಗಾರರನ್ನು ಅತಿಥಿಗಳಾಗಿ ಕರೆದು ತಾತ್ಕಾಲಿಕ ಪಂದ್ಯಗಳನ್ನು ಆಡಿಕೊಂಡವು. ಇದರಿಂದ ಒಂದು ವಿಚಿತ್ರ ನಡೆಯಿತು. ಆಲ್ಡರ್‌ಶಾಟ್ ಎಂಬ ಪುಟ್ಟ ಊರಿನ ತಂಡ ಅದುವರೆಗೆ ಕೆಳದರ್ಜೆಯದು. ಆದರೆ ಆ ಊರು ಬ್ರಿಟಿಷ್ ಸೈನ್ಯದ ದೊಡ್ಡ ನೆಲೆ. ಹೀಗಾಗಿ ಟಾಮಿ ಲಾಟನ್, ಜೋ ಮರ್ಸರ್, ಸ್ಟಾನ್ ಕಲಿಸ್‌ರಂಥ ಇಂಗ್ಲೆಂಡ್ ತಂಡದ ತಾರೆಗಳೇ ಅಲ್ಲಿ ಬಂದು ಆಡಿದರು. ಯುದ್ಧವು ದೊಡ್ಡ ನಗರಗಳ ತಂಡಗಳನ್ನು ಬರಿದು ಮಾಡಿ ದಂಡಿನ ಊರಿನ ತಂಡವನ್ನು ತುಂಬಿಸಿತು.

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ; ಆಗ ಅದರ ಪ್ರಾಣವಿದ್ದದ್ದು ಕಾಲೇಜು ತಂಡಗಳಲ್ಲಿ. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ ನಡೆಯಬೇಕಿದ್ದ 1942ರ ಜನವರಿ 1ರ ರೋಸ್ ಬೌಲ್ ಪಂದ್ಯವನ್ನು ದೇಶದ ಇನ್ನೊಂದು ಕರಾವಳಿಗೆ, ನಾರ್ತ್ ಕೆರೊಲಿನಾದ ಡರ್‌ಹಮ್‌ಗೆ ಸಾಗಿಸಲಾಯಿತು. ಮುಂದಿನ ವರ್ಷಗಳಲ್ಲಿ ಹಲವು ಕಾಲೇಜುಗಳು ತಂಡವನ್ನೇ ಕೈಬಿಟ್ಟವು. ನೌಕಾಪಡೆಯ ತರಬೇತಿ ನಡೆಯುತ್ತಿದ್ದ ಕಾಲೇಜುಗಳಲ್ಲಿ ತಂಡ ಉಳಿಯಿತು, ಏಕೆಂದರೆ ನೌಕಾಪಡೆ ತನ್ನ ಅಭ್ಯರ್ಥಿಗಳಿಗೆ ಆಡಲು ಅನುಮತಿ ಕೊಟ್ಟಿತ್ತು, ಭೂಸೇನೆ ಕೊಟ್ಟಿರಲಿಲ್ಲ. 1943ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ಆಂಜೆಲೊ ಬರ್ಟೆಲಿ ಆರು ಪಂದ್ಯ ಆಡಿ, ಹಂಗಾಮಿನ ನಡುವೆಯೇ ಮೆರೀನ್ ದಳಕ್ಕೆ ಹೊರಟುಹೋದ. ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂದದ್ದು ಅವನಿಗೇ.

ಭಾರತದಲ್ಲೂ ಪಂದ್ಯಾವಳಿಗಳ ಪಟ್ಟಿ ತೆಳುವಾಯಿತು. ಡ್ಯುರಾಂಡ್ ಕಪ್ 1940ರಲ್ಲಿ ನಡೆದು ನಿಂತುಹೋಯಿತು. ಮತ್ತೆ ನಡೆದದ್ದು 1950ರಲ್ಲಿ. ಪ್ರಾಂತಗಳ ನಡುವಿನ ಸಂತೋಷ್ ಟ್ರೋಫಿ 1941ರಲ್ಲಿ ಹುಟ್ಟಿತು. ಮೊದಲ ವರ್ಷ ಬಂಗಾಳ ಗೆದ್ದದ್ದೇ ಕೊನೆ, 1944ರವರೆಗೆ ಅದೂ ಇಲ್ಲ. ಮುಂಬೈಯ ರೋವರ್ಸ್ ಕಪ್ ಮುಂದುವರಿಯಿತು. ಆದರೆ ಅದರ ವಿಜೇತರ ಪಟ್ಟಿಯಲ್ಲಿ ಆ ವರ್ಷಗಳ ಹೆಸರುಗಳನ್ನು ನೋಡಿದರೆ ಯುದ್ಧದ ನೆರಳು ಕಾಣುತ್ತದೆ: 1943ರಲ್ಲಿ ರಾಯಲ್ ಏರ್‌ಫೋರ್ಸ್, 1945ರಲ್ಲಿ ಮಿಲಿಟರಿ ಪೊಲೀಸ್.

ದಂಡಿನಿಂದ ಬಂದ ಚೆಂಡು

ಆಲ್ಡರ್‌ಶಾಟ್ ಕಥೆಗೂ ಬೆಂಗಳೂರಿಗೂ ಸಂಬಂಧವಿದೆ. ಬೆಂಗಳೂರೂ ದಂಡಿನ ಊರೇ. 1809ರಲ್ಲಿ ಬ್ರಿಟಿಷ್ ಸೈನ್ಯ ಇಲ್ಲಿ ನೆಲೆಯೂರಿದ ಮೇಲೆ ಹಲಸೂರಿನ ಸುತ್ತ ಬೆಳೆದ ಕಂಟೋನ್ಮೆಂಟನ್ನು ಪೇಟೆಯ ಜನ ದಂಡು ಎಂದೇ ಕರೆದರು. ಅದು ಮೈಸೂರು ಮಹಾರಾಜರ ರಾಜ್ಯದ ನಡುವೆ ಇದ್ದರೂ ಆಡಳಿತ ಬ್ರಿಟಿಷ್ ರೆಸಿಡೆಂಟರದು; ಮೈಸೂರಿನ ಕೈಗೆ ಮರಳಿ ಬಂದದ್ದು 1947ರಲ್ಲಿ. ಆ ದಂಡಿನ ಪೆರೇಡ್ ಮೈದಾನಗಳಲ್ಲಿ ಗೋರಾ ಸೈನಿಕರು ಆಡುತ್ತಿದ್ದ ಆಟವನ್ನು ಅಂಚಿನಲ್ಲಿ ನಿಂತು ನೋಡಿದವರು ಅವರ ಕುದುರೆ ತೊಳೆಯುವವರ, ಅಡಿಗೆ ಮಾಡುವವರ, ಬಟ್ಟೆ ಒಗೆಯುವವರ ಮಕ್ಕಳು. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರಗಳ ಗಲ್ಲಿಗಳಿಂದ ಆಟಗಾರರು ಎದ್ದುಬಂದದ್ದು ಹೀಗೆ.

1930ರ ದಶಕದ ಹೊತ್ತಿಗೆ ಈ ಗಲ್ಲಿಗಳ ಹೆಸರು ಕಲ್ಕತ್ತೆಗೆ ತಲುಪಿತ್ತು. ಅಲ್ಲಿನ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರಿನಿಂದ ಮಾಸೂಮ್, ಮೊಹಿಯುದ್ದೀನ್, ರಹಮತ್ ಎಂಬ ಆಟಗಾರರನ್ನು ಕರೆಸಿಕೊಂಡಿತು. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡ ಅದು. ಇತ್ತ ಬೆಂಗಳೂರಿನಲ್ಲೇ ಉಳಿದವರೂ ಕಡಿಮೆಯವರಲ್ಲ. ಬೆಂಗಳೂರು ಮುಸ್ಲಿಮ್ಸ್ ಕ್ಲಬ್ 1937ರಲ್ಲಿ ಮುಂಬೈಗೆ ಹೋಗಿ ಅದೇ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿ ರೋವರ್ಸ್ ಕಪ್ ಗೆದ್ದಿತು. ಅದುವರೆಗೆ ಸೈನ್ಯದ ತಂಡಗಳ ಸ್ವತ್ತಿನಂತಿದ್ದ ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ನಾಗರಿಕ ತಂಡ ಅದೇ. ಮರುವರ್ಷ ಸ್ಕಾಟ್ಲೆಂಡಿನ ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಪಡೆಯನ್ನು ಸೋಲಿಸಿ ಮತ್ತೆ ಗೆದ್ದಿತು. ಯುದ್ಧ ಶುರುವಾಗುವ ಹೊತ್ತಿಗೆ ಮೈಸೂರು ಸೀಮೆಯ ಕಾಲ್ಚೆಂಡಿಗೆ ಗಟ್ಟಿ ಬುಡ ಬಿದ್ದಿತ್ತು.

ಗಣಿಯ ಮೈದಾನ

ಕೆ.ಜಿ.ಎಫ್.ನ ಕಥೆ ದಂಡಿನದಕ್ಕೆ ಹತ್ತಿರವಾದದ್ದೇ, ಆದರೂ ಒಂದಲ್ಲ. ಇಲ್ಲಿ ಗೋರಾ ಸೈನಿಕನ ಬದಲು ಗೋರಾ ಎಂಜಿನಿಯರ್ ಇದ್ದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಗಣಿಗಳನ್ನು ಕೈಗೆತ್ತಿಕೊಂಡಿತು. ಅನಂತರ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಕವಲು ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಬೆಂಗಳೂರಿನ ಬೀದಿಗಳಿಗೆ ದೀಪ ಬರುವ ಮೊದಲೇ ಗಣಿಯ ಯಂತ್ರಗಳು ಕಾವೇರಿಯ ಬಲದಿಂದ ತಿರುಗಿದವು. ಕಂಪೆನಿಯ ಮೇಲಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಇಪ್ಪತ್ತು ಸಾವಿರಕ್ಕೂ ಮೀರಿದ ಕಾರ್ಮಿಕರಿಗೆ ಸಾಲುಸಾಲು ಗುಡಿಸಲುಗಳ ‘ಲೈನು’.

ಕಾರ್ಮಿಕರಲ್ಲಿ ಬಹುಪಾಲು ಉತ್ತರ ಆರ್ಕಾಟು ಜಿಲ್ಲೆಯಿಂದ ಬಂದ ತಮಿಳು ಮಾತನಾಡುವ ದಲಿತರು. ಜೊತೆಗೆ ಚಿತ್ತೂರು ಕಡೆಯ ತೆಲುಗರು, ಸುತ್ತಲ ಹಳ್ಳಿಗಳ ಕನ್ನಡಿಗರು. ಊರಿನಲ್ಲಿ ಬಾವಿ ಮುಟ್ಟಲೂ ಬಿಡದಿದ್ದ ಜಾತಿಯವರಿಗೆ ಗಣಿಯ ಪಾಳಿ ಎಷ್ಟೇ ಕಷ್ಟದ್ದಾದರೂ ಒಂದು ಬಿಡುಗಡೆಯಾಗಿತ್ತು. ಕೈಗೆ ಕೂಲಿ ಬರುತ್ತಿತ್ತು, ಮಕ್ಕಳಿಗೆ ಶಾಲೆಯಿತ್ತು, ಸಂಜೆಯ ಹೊತ್ತಿಗೆ ಒಂದು ಬಯಲಿತ್ತು. ಆಟಕ್ಕೆ ಬೇಕಾದದ್ದು ಅಷ್ಟೇ. ಗಾಲ್ಫಿಗೆ ದಂಡಗಳ ಚೀಲ ಬೇಕು, ಕ್ರಿಕೆಟ್ಟಿಗೆ ಬ್ಯಾಟು, ಪ್ಯಾಡು ಬೇಕು. ಫುಟ್‌ಬಾಲಿಗೆ ಒಂದು ಚೆಂಡಿದ್ದರೆ ಇಪ್ಪತ್ತೆರಡು ಮಂದಿಯ ಸಂಜೆ ಕಳೆಯುತ್ತದೆ. ಕಾಲಿಗೆ ಬೂಟೂ ಬೇಕಿಲ್ಲ. ಆಗಿನ ನಿಯಮದಲ್ಲಿ ಬೂಟು ಕಡ್ಡಾಯವೂ ಆಗಿರಲಿಲ್ಲ.

ಕಂಪೆನಿಗೂ ಆಟ ಬೇಕಿತ್ತು, ಕಾರಣ ಮಾತ್ರ ಬೇರೆ. 1930ರ ಏಪ್ರಿಲ್‌ನಲ್ಲಿ, ಕಾರ್ಮಿಕರೆಲ್ಲರೂ ಹೆಬ್ಬೆಟ್ಟಿನ ಗುರುತು ಕೊಡಬೇಕೆಂಬ ಆಜ್ಞೆ ಹೊರಟಾಗ ಗಣಿಗಳು ಇಪ್ಪತ್ತೊಂದು ದಿನ ಸ್ತಬ್ಧವಾದವು. ತಮ್ಮನ್ನು ಕಳ್ಳರ ಪಟ್ಟಿಯಲ್ಲಿ ಸೇರಿಸುತ್ತಿದ್ದಾರೆ ಎಂದು ಕಾರ್ಮಿಕರು ಅದನ್ನು ಅವಮಾನವೆಂದೇ ಬಗೆದಿದ್ದರು. ಸಂಘವಿಲ್ಲದೆ, ಹೆಸರಾಂತ ನಾಯಕರಿಲ್ಲದೆ ಇಷ್ಟು ಜನ ಒಂದಾದದ್ದು ಆಡಳಿತವನ್ನು ಬೆಚ್ಚಿಬೀಳಿಸಿತು. ದೊಡ್ಡ ಕಾರ್ಖಾನೆಗಳ ಮಾಲೀಕರು ಎಲ್ಲೆಡೆ ಕಂಡುಕೊಂಡ ಉಪಾಯವೊಂದಿದೆ: ಕಾರ್ಮಿಕನ ಸಂಜೆ ಮೈದಾನದಲ್ಲಿ ಕಳೆದರೆ ಸಭೆಗೆ ಹೋಗುವುದು ತಪ್ಪುತ್ತದೆ, ಶರಾಬಿನಂಗಡಿಗೆ ಹೋಗುವುದೂ ತಪ್ಪುತ್ತದೆ. ಆದರೆ ಒಮ್ಮೆ ಚೆಂಡು ಕೊಟ್ಟ ಮೇಲೆ ಆಟ ಕೊಟ್ಟವನ ಮಾತು ಕೇಳುವುದಿಲ್ಲ. ಗೆದ್ದ ತಂಡ ಲೈನಿನದಾಗುತ್ತದೆ, ಕಂಪೆನಿಯದಾಗುವುದಿಲ್ಲ. ನಂದಿದುರ್ಗದವರು, ಚಾಂಪಿಯನ್ ರೀಫಿನವರು ಎಂಬ ಅಭಿಮಾನ ಬೆಳೆದದ್ದು ಹಾಗೆ.

ಈ ಆಟಗಾರರ ದೇಹದ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ವರ್ಷಗಳಲ್ಲಿ ಗಣಿಗಳು ಎರಡು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಬಂಡೆ ಮುಟ್ಟಿದರೆ ಬಿಸಿ, ಗಾಳಿಯಲ್ಲಿ ತೇವ. ಕೊರೆದಾಗ ಏಳುವ ಬೆಣಚುಕಲ್ಲಿನ ನಯವಾದ ದೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಮೆಲ್ಲಗೆ ಗಟ್ಟಿಮಾಡುತ್ತದೆ; ಕ್ರಮೇಣ ಉಸಿರಿಗೆ ಜಾಗವೇ ಉಳಿಯುವುದಿಲ್ಲ. ಸಿಲಿಕೋಸಿಸ್ ಎಂಬ ಈ ರೋಗಕ್ಕಾಗಿ 1940ರಿಂದ 1946ರವರೆಗೆ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಲಾಯಿತು. ಅವರಲ್ಲಿ 3,402 ಮಂದಿಗೆ, ಅಂದರೆ ನೂರಕ್ಕೆ ನಲವತ್ನಾಲ್ಕಕ್ಕೂ ಹೆಚ್ಚು ಜನರಿಗೆ, ರೋಗದ ಗುರುತು ಕಂಡಿತು. ತಪಾಸಣೆ ನಡೆದದ್ದು ಸರಿಯಾಗಿ ಯುದ್ಧದ ವರ್ಷಗಳಲ್ಲಿ. ಸಂಜೆಯ ಬಯಲಿನಲ್ಲಿ ಚೆಂಡಿನ ಹಿಂದೆ ಓಡುವುದೆಂದರೆ ಗಣಿ ಕಾರ್ಮಿಕನಿಗೆ ಬರೀ ಮನರಂಜನೆಯಲ್ಲ, ತನ್ನ ಉಸಿರು ಇನ್ನೂ ತನ್ನದೇ ಎಂದು ಖಾತ್ರಿ ಮಾಡಿಕೊಳ್ಳುವ ದಾರಿಯೂ ಆಗಿತ್ತು.

ಕಾಲೇಜಿನ ಹಂಗಾಮು

ಆ ದಿನಗಳಲ್ಲಿ ಗಣಿಯೂರಿನಲ್ಲಿ ಪದವಿ ಕಾಲೇಜು ಇರಲಿಲ್ಲ. ಹೈಸ್ಕೂಲು ಮುಗಿಸಿ ಮುಂದೆ ಓದುವ ಹುಡುಗ ಬಂಗಾರಪೇಟೆಗೆ ಬಂದು ಬೆಂಗಳೂರಿನ ರೈಲು ಹಿಡಿಯಬೇಕಿತ್ತು. ಅಲ್ಲಿ 1858ರಷ್ಟು ಹಿಂದೆ ಆರಂಭವಾದ ಸೆಂಟ್ರಲ್ ಕಾಲೇಜು ಇತ್ತು. 1882ರಿಂದ ನಡೆದುಬಂದ ಸೇಂಟ್ ಜೋಸೆಫ್ಸ್ ಇತ್ತು. ಮೈಸೂರಿನಲ್ಲಿ ಮಹಾರಾಜ ಕಾಲೇಜು ಇತ್ತು. ಕಾಲೇಜು ತಂಡಗಳ ಆಟದ ವರ್ಷ ಶುರುವಾಗುವುದು ಮಳೆಗಾಲದ ಹೊತ್ತಿಗೆ: ಜೂನ್ ಕೊನೆಗೆ ತರಗತಿ, ಜುಲೈಯಲ್ಲಿ ತಂಡದ ಆಯ್ಕೆ, ಆಮೇಲೆ ಪಂದ್ಯಗಳು.

1942ರಲ್ಲಿ ಈ ಕ್ರಮ ಕದಡಿಹೋಯಿತು. ಆಗಸ್ಟ್ ಎರಡನೆಯ ವಾರದಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಹೊತ್ತಿಕೊಂಡಾಗ ಬೆಂಗಳೂರಿನ ವಿದ್ಯಾರ್ಥಿಗಳು ತರಗತಿ ತೊರೆದು ಬೀದಿಗಿಳಿದರು. ಗಿರಣಿ ಕಾರ್ಮಿಕರೂ ಜೊತೆಗೂಡಿದರು. ಲಾಠಿ, ಗುಂಡು, ಜೈಲು ಎಲ್ಲವೂ ಆದವು. ಆ ವರ್ಷ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಆನರ್ಸ್ ಓದುತ್ತಿದ್ದವರಲ್ಲಿ ಕೋಲಾರ ಜಿಲ್ಲೆಯ ಹೊಸೂರಿನ ಎಚ್. ನರಸಿಂಹಯ್ಯ ಒಬ್ಬರು. ಓದು ಬಿಟ್ಟು ಚಳವಳಿಗೆ ಧುಮುಕಿ ಜೈಲು ಸೇರಿದ ಅವರು ಅನಂತರ ಮರಳಿ ಬಂದು ಪದವಿ ಮುಗಿಸಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ‘ಎಚ್ಚೆನ್’ ಇವರೇ.

ಅಮೆರಿಕದ ಕಾಲೇಜು ತಂಡದಿಂದ ಆಟಗಾರನನ್ನು ಯುದ್ಧ ಕೊಂಡೊಯ್ದರೆ, ಇಲ್ಲಿನ ಕಾಲೇಜಿನಿಂದ ಹುಡುಗನನ್ನು ಸ್ವಾತಂತ್ರ್ಯದ ಹೋರಾಟ ಕೊಂಡೊಯ್ಯಿತು. ಕೆಲವರು ಸೈನ್ಯದ ಕಮಿಷನ್ನಿಗೂ ಅರ್ಜಿ ಹಾಕಿದರು, ಇನ್ನು ಕೆಲವರು ಹೊಸ ಕಾರ್ಖಾನೆಗಳ ಕೆಲಸಕ್ಕೆ ಸೇರಿದರು. ಒಂದೇ ಬೆಂಚಿನಲ್ಲಿ ಕೂತಿದ್ದವರು ಮೂರು ದಿಕ್ಕಿಗೆ ಹೋದ ಕಾಲ ಅದು. ಅಂಥ ವರ್ಷ ಕಾಲೇಜು ತಂಡವನ್ನು ಕಟ್ಟಿ ನಿಲ್ಲಿಸುವುದು ಸುಲಭವಲ್ಲ. ಆಟದ ಭಾರ ಕಾಲೇಜುಗಳಿಂದ ಜಾರಿ ಗಲ್ಲಿ, ಗಿರಣಿ, ಗಣಿಗಳ ಮೇಲೆ ಬಿತ್ತು. ಅವರಿಗೆ ಅದು ಹೊಸ ಹೊರೆಯಾಗಿರಲಿಲ್ಲ.

ಬರಿಗಾಲು ಮತ್ತು ಬೂಟು

ಯುದ್ಧದ ವರ್ಷಗಳಲ್ಲಿ ಬೆಂಗಳೂರು ಗುರುತು ಸಿಗದಷ್ಟು ಬದಲಾಯಿತು. ಆಗ್ನೇಯ ಏಷ್ಯಾದ ಯುದ್ಧರಂಗಕ್ಕೆ ಹೋಗುವ ಪಡೆಗಳಿಗೆ ಇದು ತರಬೇತಿಯ ಊರು, ಗಾಯಗೊಂಡು ಮರಳುವವರಿಗೆ ಆಸ್ಪತ್ರೆಯ ಊರು. ಜಾಲಹಳ್ಳಿಯ ಕಡೆ ಇಟಲಿಯ ಯುದ್ಧಕೈದಿಗಳ ಶಿಬಿರ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಆರಂಭಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಪಡೆ ತನ್ನ ದುರಸ್ತಿ ಕೇಂದ್ರವಾಗಿ ಮಾಡಿಕೊಂಡಿತು. ಅಕ್ಕಿ ತುಟ್ಟಿಯಾಯಿತು, ರೇಷನ್ ಬಂತು, ರೈಲಿನಲ್ಲಿ ಜಾಗ ಸಿಗುವುದು ಕಷ್ಟವಾಯಿತು. ದೂರದ ಊರಿಗೆ ಪಂದ್ಯಕ್ಕೆ ಹೋಗುವುದು ಹೆಚ್ಚುಕಡಿಮೆ ನಿಂತೇಹೋಯಿತು.

ದೂರ ಹೋಗಬೇಕಾದ ಅಗತ್ಯವೇ ಇಲ್ಲದಂತೆ ಎದುರಾಳಿಗಳು ಮಾತ್ರ ಮನೆಬಾಗಿಲಿಗೇ ಬಂದಿದ್ದರು. ಪ್ರತಿ ಪಡೆಗೂ ಒಂದು ಫುಟ್‌ಬಾಲ್ ತಂಡ ಇರುತ್ತಿತ್ತು. ಬ್ರಿಟನ್ನಿನಲ್ಲಿ ಲೀಗ್ ನಿಂತದ್ದರಿಂದ ಸಮವಸ್ತ್ರ ತೊಟ್ಟ ನುರಿತ ಆಟಗಾರರು ಆ ತಂಡಗಳಲ್ಲಿ ಇರುವುದು ಸಾಮಾನ್ಯವಾಗಿತ್ತು. ಇಂಗ್ಲೆಂಡಿನಲ್ಲಿ ಯುದ್ಧ ಆಟಗಾರರನ್ನು ಊರು ಬಿಡಿಸಿತು. ಅವರಲ್ಲಿ ಕೆಲವರನ್ನು ತಂದು ಬರಿಗಾಲ ಹುಡುಗರ ಮುಂದೆ ನಿಲ್ಲಿಸಿದ್ದೂ ಅದೇ ಯುದ್ಧ.

ಬರಿಗಾಲಿನಲ್ಲಿ ಬೂಟಿನವರನ್ನು ಎದುರಿಸುವುದು ಹೇಗೆ? ಅದರಲ್ಲಿ ಒಂದು ವಿದ್ಯೆಯಿದೆ. ಬೂಟಿನ ಕಾಲು ಚೆಂಡನ್ನು ದೂರಕ್ಕೆ ಒದೆಯುತ್ತದೆ. ಬರಿಗಾಲು ಅದನ್ನು ಹತ್ತಿರ ಇಟ್ಟುಕೊಳ್ಳುತ್ತದೆ. ಬೆರಳು, ಅಂಗಾಲು, ಹಿಮ್ಮಡಿಗಳಿಗೆ ಚೆಂಡಿನ ಸ್ಪರ್ಶ ನೇರವಾಗಿ ತಿಳಿಯುವುದರಿಂದ ಅದನ್ನು ಹಿಡಿತದಲ್ಲಿಡುವುದು ಸುಲಭ. ದೈತ್ಯದೇಹದ ಸೈನಿಕನೊಡನೆ ಮೈ ತಾಗಿಸಿ ಗೆಲ್ಲಲಾಗದು. ಆದ್ದರಿಂದ ಆತ ಹತ್ತಿರ ಬರುವ ಮೊದಲೇ ಚೆಂಡನ್ನು ಜೊತೆಯವನಿಗೆ ದಾಟಿಸಬೇಕು, ತಾನು ಖಾಲಿ ಜಾಗಕ್ಕೆ ಓಡಬೇಕು, ಚೆಂಡನ್ನು ನೆಲದ ಮೇಲೆಯೇ ಇಡಬೇಕು. ಮಳೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಆಗಿನ ಚೆಂಡು ಲೇಸು ಹಾಕಿ ಬಿಗಿದ ತೊಗಲಿನದು. ನೀರು ಕುಡಿದರೆ ಕಲ್ಲಿನಂತೆ ಭಾರ. ಕೆಸರಿನಲ್ಲಿ ಬರಿಗಾಲು ಜಾರುತ್ತದೆ, ಬೂಟಿನ ಮೊಳೆ ನೆಲ ಕಚ್ಚುತ್ತದೆ. ಕಲ್ಕತ್ತೆಯ ಮಳೆಗಾಲದಲ್ಲಿ ಭಾರತೀಯ ತಂಡಗಳು ಎಷ್ಟೋ ಸಲ ಸೋತದ್ದು ಇದೇ ಕಾರಣಕ್ಕೆ. ಮೊಹಮ್ಮಡನ್ ಸ್ಪೋರ್ಟಿಂಗ್ ಒದ್ದೆ ಮೈದಾನದಲ್ಲಿ ಬೂಟು ತೊಡಲು ಕಲಿತದ್ದೂ ಇದೇ ಕಾರಣಕ್ಕೆ. ಬೆಂಗಳೂರು, ಕೋಲಾರದ ಕೆಂಪು ನೆಲ ಮಾತ್ರ ವರ್ಷದ ಬಹುಕಾಲ ಒಣಗಿ ಗಟ್ಟಿಯಾಗಿರುತ್ತದೆ. ಬರಿಗಾಲಿನ ಚುರುಕು ಆಟಕ್ಕೆ ಅದು ಹೇಳಿಮಾಡಿಸಿದ ಜಾಗ.

ಈ ಪಂದ್ಯಗಳಲ್ಲಿ ಗೆದ್ದವರಿಗೆ ಸಿಗುತ್ತಿದ್ದದ್ದು ಸಂಜೆಯ ಮಾತುಕತೆಗೆ ಒಂದು ವಿಷಯ, ಗಲ್ಲಿಯಲ್ಲಿ ಒಂದಿಷ್ಟು ಗೌರವ, ಅಷ್ಟೇ. ಆದರೆ ಗಲ್ಲಿಯ ಹುಡುಗ ತನ್ನ ಆಟವನ್ನು ತನಗಿಂತ ಬಲಶಾಲಿಯಾದವನ ಎದುರು ಮತ್ತೆಮತ್ತೆ ಪರೀಕ್ಷಿಸಿಕೊಂಡ. ಯಾವ ತರಬೇತಿ ಶಿಬಿರವೂ ಕೊಡಲಾಗದ ಪಾಠ ಅದು. ಅಹ್ಮದ್ ಖಾನ್ 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು; ಹದಿಹರೆಯವನ್ನೆಲ್ಲ ಯುದ್ಧದ ವರ್ಷಗಳಲ್ಲೇ ಕಳೆದರು. ಮುಂದೆ ಕಲ್ಕತ್ತೆಯಲ್ಲಿ, ಚೆಂಡು ಅವರ ಬರಿಗಾಲಿನ ಮಾತು ಕೇಳುವುದನ್ನು ಕಂಡು ಜನ ಅವರನ್ನು ಹಾವಾಡಿಗ ಎಂದು ಕರೆದರು.

1946: ಗೆಲುವು ಮತ್ತು ಗುಂಡು

ಯುದ್ಧ ಮುಗಿಯಿತು. 1946–47ರ ಸಂತೋಷ್ ಟ್ರೋಫಿ ಬೆಂಗಳೂರಿನಲ್ಲೇ ನಡೆಯಿತು. ಫೈನಲ್‌ನಲ್ಲಿ ಎದುರಾದದ್ದು ಬಂಗಾಳ. ಭಾರತೀಯ ಫುಟ್‌ಬಾಲ್ ಎಂದರೆ ಕಲ್ಕತ್ತೆ ಎಂದು ಎಲ್ಲರೂ ನಂಬಿದ್ದ ಕಾಲವದು. ಮೊದಲ ದಿನ ಎರಡೂ ಕಡೆ ಗೋಲಿಲ್ಲ. ಮರುಪಂದ್ಯದಲ್ಲಿ ಮೈಸೂರು 2–1ರಿಂದ ಗೆದ್ದಿತು. ಆಗಿನ್ನೂ ಪೇಟೆ ಮಹಾರಾಜರದು, ದಂಡು ಬ್ರಿಟಿಷರದು. ರಾಜಕೀಯ ಎರಡಾಗಿ ಕತ್ತರಿಸಿದ್ದ ಊರು ಆಟದಲ್ಲಿ ಮೈಸೂರು ಎಂಬ ಒಂದೇ ಹೆಸರಿನಡಿ ಗೆದ್ದಿತ್ತು.

ಅದೇ ಹಂಗಾಮಿನಲ್ಲಿ ಬಂಗಾರಪೇಟೆಯ ಕವಲು ರೈಲು ಬೇರೆ ಸುದ್ದಿ ತರುತ್ತಿತ್ತು. ಯುದ್ಧದ ಹೊತ್ತಿಗೆ ಗಣಿ ಕಾರ್ಮಿಕರ ಬದುಕು ಬಿಗಡಾಯಿಸಿತ್ತು. ದಿನಸಿಯ ಬೆಲೆ ಏರಿದಷ್ಟು ಕೂಲಿ ಏರಿರಲಿಲ್ಲ. 1942ರ ಮೈಸೂರು ಕಾರ್ಮಿಕ ಕಾಯ್ದೆಯಿಂದ ಸಂಘ ಕಟ್ಟುವ ಹಕ್ಕು ಸಿಕ್ಕಿತು. ಗಣಿಗಳಲ್ಲಿ ಸಂಘಗಳು ಬೇಗನೆ ಬೇರುಬಿಟ್ಟವು. 1946ರಲ್ಲಿ ಮುಷ್ಕರ, ನಾಯಕರ ಬಂಧನ, ಕೊನೆಗೆ ನವೆಂಬರ್‌ನಲ್ಲಿ ಪೊಲೀಸರ ಗುಂಡು. ಕಾರ್ಮಿಕರು ಪ್ರಾಣ ಕಳೆದುಕೊಂಡರು. ಗಣಿಯೂರಿನಲ್ಲಿ ಆ ದಿನವನ್ನು ಹುತಾತ್ಮರ ದಿನವೆಂದು ನೆನೆಯುವ ಪದ್ಧತಿ ಬೆಳೆಯಿತು.

ಮೈಸೂರು ಸೀಮೆಯ ಒಂದೇ ವರ್ಷದ ಇತಿಹಾಸದಲ್ಲಿ ಈ ಎರಡೂ ಇವೆ. ಒಂದು ಕಡೆ ದೇಶವನ್ನೇ ಗೆದ್ದ ಹನ್ನೊಂದು ಮಂದಿ; ಇನ್ನೊಂದು ಕಡೆ ಹೊಟ್ಟೆಗೆ ಸಾಲುವಷ್ಟು ಕೂಲಿ ಕೇಳಿ ಸತ್ತವರು. ಆಟ ಬೆಳೆದದ್ದು ಇಬ್ಬರದೂ ಒಂದೇ ಬಗೆಯ ಗಲ್ಲಿಗಳಲ್ಲಿ, ಲೈನುಗಳಲ್ಲಿ. ಕಾರ್ಮಿಕನಿಗೆ ಚೆಂಡು ಕೊಟ್ಟರೆ ಬೇರೆ ಏನನ್ನೂ ಕೇಳಲಾರ ಎಂಬ ಎಣಿಕೆ ಕೋಲಾರದಲ್ಲಿ ಸುಳ್ಳಾಯಿತು. ಅವನು ಚೆಂಡನ್ನೂ ಆಡಿದ, ಹಕ್ಕನ್ನೂ ಕೇಳಿದ.

ಇಲ್‌ಫರ್ಡಿನ ಗೋಲು

1948ರಲ್ಲಿ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡದಲ್ಲಿ ಮೈಸೂರಿನವರ ಪಾಲು ದೊಡ್ಡದು: ಅಹ್ಮದ್ ಖಾನ್, ಧನರಾಜ್, ಬಷೀರ್, ಸಾರಂಗಪಾಣಿ ರಾಮನ್ ಮೊದಲಾದವರು. ಜುಲೈ 31ರಂದು ಲಂಡನ್ನಿನ ಹೊರವಲಯದ ಇಲ್‌ಫರ್ಡ್‌ನಲ್ಲಿ ಫ್ರಾನ್ಸಿನೊಡನೆ ಪಂದ್ಯ. ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಇಳಿದರು. ಪ್ರೇಕ್ಷಕರಿಗೆ ಅದೇ ಒಂದು ಬೆರಗು. ಮೊದಲಾರ್ಧದಲ್ಲಿ ಫ್ರಾನ್ಸ್ ಒಂದು ಗೋಲು ಹೊಡೆಯಿತು. ಎಪ್ಪತ್ತನೆಯ ನಿಮಿಷದಲ್ಲಿ ಬೆಂಗಳೂರಿನ ರಾಮನ್ ಸಮ ಮಾಡಿದರು. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು. ಸಿಕ್ಕಿದ ಎರಡು ಪೆನಾಲ್ಟಿಗಳು ಕೈತಪ್ಪಿದವು. ಕೊನೆಗಳಿಗೆಯಲ್ಲಿ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಅದೇ ವರ್ಷ ಬೆಂಗಳೂರು ಮುಸ್ಲಿಮ್ಸ್ ತಂಡ ಮೋಹನ್ ಬಾಗಾನನ್ನು ಸೋಲಿಸಿ ಮೂರನೆಯ ಸಲ ರೋವರ್ಸ್ ಕಪ್ ತಂದಿತು.

ಬರಿಗಾಲಿನ ಕಾಲ ಹೆಚ್ಚು ದಿನ ಉಳಿಯಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ಹತ್ತು ಗೋಲು ಹೊಡೆಯಿತು. ಭಾರತದ ಒಂದೇ ಗೋಲು ಅಹ್ಮದ್ ಖಾನರದು. ಆಮೇಲೆ ಭಾರತೀಯ ಆಟಗಾರರು ಬೂಟು ತೊಟ್ಟರು. ಮೈಸೂರು 1952–53ರಲ್ಲಿ, ಮತ್ತೆ 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಅನಂತರ ರಾಜ್ಯದ ಹೆಸರು ಕರ್ನಾಟಕವಾಯಿತು, ಕಪ್ ಮಾತ್ರ ಬರಲಿಲ್ಲ. ಅದು ಮರಳಿದ್ದು 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. ಐವತ್ತನಾಲ್ಕು ವರ್ಷಗಳ ಮೇಲೆ.

ಗಣಿಗಳ ಕಥೆ ಅಷ್ಟು ಕಾಯಲಿಲ್ಲ. 1956ರಲ್ಲಿ ಅವು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತ, ಆಳ ಹೆಚ್ಚುತ್ತ, ಖರ್ಚು ಏರುತ್ತ ಹೋಗಿ 2001ರ ಫೆಬ್ರುವರಿ ಕೊನೆಯ ದಿನ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಗಣಿಯ ಸೈರನ್ ನಿಂತಿತು. ಕೆಲಸವಿಲ್ಲದ ಊರಿನ ಜನ ಬೆಳಗಿನ ರೈಲು ಹಿಡಿದು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರಾದರು.

ಒಂದು ತಂಡದ ಚರಿತ್ರೆಯನ್ನು ಗೆದ್ದ ಕಪ್ಪುಗಳಿಂದ ಅಳೆಯುವುದು ರೂಢಿ. ಆ ಲೆಕ್ಕದಲ್ಲಿ 1942, 1943ರ ಸಾಲುಗಳು ಖಾಲಿ. ಆ ಖಾಲಿ ಸಾಲುಗಳಲ್ಲಿ, ರೇಷನ್ ಅಕ್ಕಿ ತಿಂದು, ಪಾಳಿ ಮುಗಿಸಿ, ಬೂಟಿನವರೆದುರು ಬರಿಗಾಲಿನಲ್ಲಿ ಆಡಿದವರು ಬಹಳ ಮಂದಿ. ಅವರ ಹೆಸರು ಯಾವ ಫಲಕದ ಮೇಲೂ ಇಲ್ಲ. ಇಲ್‌ಫರ್ಡಿನಲ್ಲಿ ರಾಮನ್ ಹೊಡೆದ ಗೋಲಿನ ಹಿಂದೆ ಅವರ ಆ ಸಂಜೆಗಳಿದ್ದವು.